ಸೋಸಿದ ನೀರು

೨೫ ಅಕ್ಟೋಬರ್ ೧೯೯೮, ರವಿವಾರ
ಬೆಲ್ಲದ ಬಾಗೇವಾಡಿ

ದೀಪಾವಳಿಗೆ ಅಂಗಡಿಗೆಂದು ಹೊಸ ವಹಿ ಪುಸ್ತಕಗಳನ್ನು ತಂದಾಗ ಒಂದು ಹೆಚ್ಚಾಗಿ ಬಂತು. ಮಗ ಅಭಿನಂದನ ವಾಪಸ್ ಕೊಡೋಣ ಅಂದ. ಬೇಡ, ನನಗಿರಲಿ ಅಂದೆ. ಜೀವಮಾನವೆಲ್ಲ ತಾಮ್ರ ಹಿತ್ತಾಳೆ ಪಾತ್ರೆಗಳ ಲೆಕ್ಕ ಬರೆದದ್ದಾಯಿತು, ಇನ್ನು ಮನಸ್ಸಿಗೆ ಬಂದದ್ದನ್ನೂ ಒಂದಿಷ್ಟು ಬರೆಯೋಣ. ಯಾರೂ ಓದುವ ಭಯವಿಲ್ಲ. ಹೆಂಡತಿ ಪದ್ಮವ್ವನಿಗೆ ನನ್ನ ಕೋಳಿಕಾಲಿನ ಅಕ್ಷರ ತಿಳಿಯುವುದಿಲ್ಲ, ಮಗನಿಗೆ ತಾಳ್ಮೆಯಿಲ್ಲ.

ಇವತ್ತು ಮಧ್ಯಾಹ್ನ ಅಂಗಡಿಯ ಮುಂದೆ ಎತ್ತಿನ ಗಾಡಿಗಳ ಓಟದ ಶರ್ಯತ್ತು ಹಾದುಹೋಯಿತು. ಮೊದಲು ಗಾಡಿ, ಅದರ ಹಿಂದೆ ಧೂಳು, ಧೂಳಿನ ಹಿಂದೆ ಮೋಟರ್‌ಸೈಕಲ್ಲುಗಳ ಹಿಂಡು. ಎಲ್ಲರ ಬಾಯಲ್ಲೂ ಒಂದೇ ಕೂಗು, ಹೊಡಿ ಹೊಡಿ ಅಂತ. ಎಂದಿನಂತೆ ಬಾಗಿಲನ್ನು ಅರ್ಧ ಎಳೆದು ಒಳಗೆ ಕೂತೆ. ನಮ್ಮ ಜೈನರ ಮನೆಯಲ್ಲಿ ಅದನ್ನು ನೋಡುವ ಪದ್ಧತಿಯಿಲ್ಲ. ಅವ್ವ ಹೇಳುತ್ತಿದ್ದಳು, ಮೂಕ ಪ್ರಾಣಿ, ಒಲ್ಲೆ ಅನ್ನಲು ಅದಕ್ಕೆ ಬಾಯಿಲ್ಲ, ಬಾರಕೋಲು ಬೀಸುವವನಿಗೆ ಎಷ್ಟು ಪಾಪವೋ ನಿಂತು ನೋಡುವವನಿಗೂ ಅಷ್ಟೇ ಎಂದು. ಅದಕ್ಕೇ ನಾನು ಸಣ್ಣವನಿದ್ದಾಗಲೇ ಸೈಕಲ್ ಶರ್ಯತ್ತಿನ ಹುಚ್ಚು ಹಚ್ಚಿಕೊಂಡೆ. ಅಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ. ಅವರವರ ಕಾಲು, ಅವರವರ ಉಸಿರು. ಅವ್ವ ಕೂಡ ಅದಕ್ಕೆ ಬೇಡ ಅನ್ನಲಿಲ್ಲ.

೮ ನವೆಂಬರ್

ಇವತ್ತಿನ ಹುಡುಗರಿಗೆ ಹೇಳಿದರೆ ಮುದುಕ ಬಡಾಯಿ ಕೊಚ್ಚುತ್ತಾನೆ ಅಂದಾರು. ಆದರೂ ಬರೆದಿಡುತ್ತೇನೆ.

ಜನವರಿ ಇಪ್ಪತ್ತಾರಕ್ಕೆ ಸಾಲೆಯಲ್ಲಿ ಝೇಂಡಾ ಏರಿಸಿದ ಮೇಲೆ ನಮ್ಮೂರ ಬಸ್ ಸ್ಟ್ಯಾಂಡಿನಿಂದ ಸೈಕಲ್ ಬಿಡುತ್ತಿದ್ದರು. ಘೋಡಗೇರಿ ದಾಟಿ, ಘಟಪ್ರಭಾ ಸ್ಟೇಷನ್ ದಾಟಿ, ಗೋಕಾಕದ ಹತ್ತಿರ ಲೋಳಸೂರ ಸೇತುವೆಗೆ ಮುಟ್ಟಿದರೆ ಮುಗಿಯಿತು. ಹುಕ್ಕೇರಿಯವರು, ಮೂಡಲಗಿಯವರು, ಗೋಕಾಕದ ಮಿಲ್ಲಿನವರು, ಎಲ್ಲರೂ ಬರುತ್ತಿದ್ದರು. ದಿನಾ ಹಾಲು ಹಾಕುವ, ಹುಲ್ಲು ಹೊರುವ ಸೈಕಲ್ಲೇ ಶರ್ಯತ್ತಿಗೂ. ಹಿಂದಿನ ರಾತ್ರಿ ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಬಿಚ್ಚಿ ಇಟ್ಟರೆ ಅದೇ ಕುದುರೆ. ರಸ್ತೆ ಬದಿಯ ಹುಣಸೆ ಮರಗಳಲ್ಲಿ ಎಲೆಗಿಂತ ಹುಡುಗರೇ ಹೆಚ್ಚು. ಗೆದ್ದವನಿಗೆ ನಮ್ಮ ಅಂಗಡಿಯ ತಾಮ್ರದ ಹಂಡೆ. ಅಪ್ಪನ ಕಾಲದಿಂದ ನಡೆದುಬಂದದ್ದು. ಹಂಡೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಅವನು ತನ್ನ ಊರು ಹೊಗಬೇಕು.

ಘೋಡಗೇರಿಯ ಮಾಲಿಂಗನ ಮನೆಯಲ್ಲಿ ನಮ್ಮ ಹಂಡೆಗಳು ಎಷ್ಟಿದ್ದವೋ ಅವನಿಗೇ ನೆನಪಿಲ್ಲ. ಕುರಿ ಕಾಯುವ ಮನೆತನದವನು. ಗೋಕಾಕ ಮಿಲ್ಲಿನ ಯಾವನೋ ಸಾಹೇಬನಿಂದ ಕೈಬದಲಾಗಿ ಬಂದ ಹಳೇ ರಾಲೆ ಸೈಕಲ್ಲು ಅವನದು. ಉಳಿದವರು ಪೆಡಲಿನ ಮೇಲೆ ಎದ್ದು ನಿಂತು ಒದ್ದಾಡುತ್ತಿದ್ದರೆ ಇವನು ಸೀಟಿನಿಂದ ಏಳುತ್ತಲೇ ಇರಲಿಲ್ಲ. ತಲೆ ತಗ್ಗಿಸಿ, ಕುರಿಯ ಹಿಂದೆ ಹೊರಟವನಂತೆ ಸಾವಕಾಶವಾಗಿ ಬರುತ್ತಿದ್ದ, ಎಲ್ಲರಿಗಿಂತ ಮೊದಲು ಬರುತ್ತಿದ್ದ. ಒಮ್ಮೆ ಘಟಪ್ರಭಾದಲ್ಲಿ ರೈಲ್ವೆ ಗೇಟು ಬಿತ್ತು. ಮೂಡಲಗಿಯ ಶಿದ್ರಾಮ ಗೇಟಿನ ಮುಂದೆ ನಿಂತು ರೈಲುಗಾಡಿಯನ್ನು ಬೈಯುತ್ತಿದ್ದಾಗ ಮಾಲಿಂಗ ಸೈಕಲ್ಲನ್ನು ಕುರಿಮರಿಯ ಹಾಗೆ ಹೆಗಲ ಮೇಲೆ ಹೊತ್ತು ಹಳಿ ದಾಟಿಯೇಬಿಟ್ಟ. ಆ ವರ್ಷ ನಾನು ಕೂಗಿ ಕೂಗಿ ಗಂಟಲು ಕಟ್ಟಿ ಅಂಗಡಿಯಲ್ಲಿ ಕೈಸನ್ನೆಯಿಂದ ವ್ಯಾಪಾರ ಮಾಡಿದೆ.

ಈಗ ಏನಿದೆ? ಹೋದ ಸಲ ಹುಣಸೆ ಮರಗಳೇ ಇರಲಿಲ್ಲ, ರಸ್ತೆ ಅಗಲ ಮಾಡಿದರು. ಎದುರಿಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಕೊಲ್ಲಾಪುರದ ಕಡೆಯಿಂದ ಗೇರಿನ ಸೈಕಲ್ಲು ಜೀಪಿನಲ್ಲಿ ಹೇರಿಕೊಂಡು ಬಂದವರು ಗೆದ್ದು, ಹಂಡೆಯನ್ನು ಜೀಪಿನಲ್ಲೇ ಹಾಕಿಕೊಂಡು ಹೋದರು. ಅದನ್ನು ಹೊತ್ತು ಊರು ಹೊಗಬೇಕು ಅಂದರೆ ನಕ್ಕರು. ನೋಡಲು ಬಂದ ಮಂದಿಯನ್ನು ನನ್ನ ಅಂಗಡಿಯೊಳಗೆ ಕೂರಿಸಬಹುದಾಗಿತ್ತು. ಉಳಿದವರೆಲ್ಲ ಕೇಬಲ್ ಟಿವಿಯ ಮುಂದೆ ಕ್ರಿಕೆಟ್ಟು ನೋಡುತ್ತ ಕೂತಿದ್ದರು. ಹಂಡೆಗೂ ಇದೇ ಗತಿ ಬಂದಿದೆ. ಅಭಿನಂದನ ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಬಕೀಟುಗಳನ್ನು ಜೋಡಿಸಿದ್ದಾನೆ. ತಾಮ್ರ ಹಿಂದಕ್ಕೆ ಹೋಯಿತು.

೨೨ ನವೆಂಬರ್

ಶೆಟ್ಟೆಪ್ಪನ ಚಹಾ ಅಂಗಡಿಯಲ್ಲಿ ಶರ್ಯತ್ತಿನ ಕಮಿಟಿಯ ಮೀಟಿಂಗು. ಶೆಟ್ಟೆಪ್ಪನೇ ಅಧ್ಯಕ್ಷ. ಅರ್ಧ ಮಂದಿ ಬರಲೇ ಇಲ್ಲ. ಅಧ್ಯಕ್ಷರು ಚಹಾ ಸೋಸುತ್ತಲೇ ಬಾಂಬು ಹಾಕಿದರು.

“ತವನಪ್ಪಣ್ಣಾ, ಈ ಸಲ ಬಿಟ್ಬಿಡೂನು. ಹುಡುಗೂರು ಜನವರಿ ಇಪ್ಪತ್ತಾರಕ್ಕಽ ಕ್ರಿಕೆಟ್ ಮ್ಯಾಚ್ ಇಟಗೊಂಡಾರ. ನಮ್ಮ ಸೈಕಲ್ ನೋಡಾಕ ಯಾರ ಬರ್ತಾರ?”

ನಾನು ಬಿಡಲಿಲ್ಲ, ಸಾಕಷ್ಟು ಜಗಳವಾಡಿದೆ. ಕೊನೆಗೆ ಒಂದು ದಾರಿ ತೆಗೆದ. “ಮಾಲಿಂಗ ಸೈಕಲ್ ಹತ್ತತಾನಂದ್ರ ಮಂದಿ ಕೂಡ್ತಾರ. ಅವನ ಹೆಸರಿಗಿ ಇನ್ನೂ ಕಿಮ್ಮತ್ತ ಐತಿ. ಅಂವ ಹೂಂ ಅಂದ್ರ ಶರ್ಯತ್ತು, ಇಲ್ಲಂದ್ರ ಇಲ್ಲ.”

ಮಾಲಿಂಗ ಸೈಕಲ್ ಬಿಟ್ಟು ಎಂಟು ಹತ್ತು ವರ್ಷವಾಯಿತು. ಐವತ್ತು ದಾಟಿದ್ದಾನೆ. ಆದರೆ ಅವನು ನನ್ನ ಮಾತು ತೆಗೆದುಹಾಕುವವನಲ್ಲ.

೨೪ ನವೆಂಬರ್

ಘೋಡಗೇರಿಗೆ ಹೋಗಿದ್ದೆ. ಮಾಲಿಂಗ ಹೊಳೆದಂಡೆಯಲ್ಲಿ ಕುರಿ ಬಿಟ್ಟುಕೊಂಡು ಕಂಬಳಿಯ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದ, ಎದ್ದ ಮೇಲೆ ಸ್ವಲ್ಪ ಹೊತ್ತು ಕೋಲು ಹಿಡಿದು ನಿಂತ. ವಿಷಯ ಹೇಳಿದೆ.

“ಅಣ್ಣಾರ, ನನ್ನ ಕಾಲ ಮುಗದಾವ್ರಿ. ಕುರಿ ಹಿಂದ ದಿನ್ನಿ ಏರಿದ್ರ ಎದ್ಯಾಗ ಕಲ್ಲ ಇಟ್ಟಂಗ ಆಕ್ಕೈತಿ. ಒಲ್ಲೆರಿ.”

ಮನೆಗೆ ಕರೆದುಕೊಂಡು ಹೋದ. ಅವನ ಹೆಂಡತಿ ಕಸ್ತೂರಿ ಚಹಾ ತಂದಳು. ಅವಳಿಗೆ ಏನೂ ಹೇಳಬೇಡಿ ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಗೋಡೆಗೆ ಆನಿಸಿಟ್ಟ ರಾಲೆ ಸೈಕಲ್ಲಿನ ಮೇಲೆ ಕೋಳಿ ಕೂತಿತ್ತು. ನೋಡಿ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ.

೬ ಡಿಸೆಂಬರ್

ಮತ್ತೆ ಹೋಗಿದ್ದೆ. ಮತ್ತೆ ಒಲ್ಲೆ ಅಂದ. ಈ ಸಲ ನಾನೂ ಸಿದ್ಧನಾಗಿಯೇ ಹೋಗಿದ್ದೆ.

“ನೀ ಗೆಲ್ಲಬ್ಯಾಡೋ ಮಾರಾಯಾ. ಬಾಗೇವಾಡ್ಯಾಗ ಸೈಕಲ್ ಹತ್ತು, ಘೋಡಗೇರಿ ಬಂತಂದ್ರ ನಿನ್ನ ಮನಿ ಮುಂದ ಇಳಿ, ಚಹಾ ಕುಡದ ಮಲಕ್ಕೋ. ಮಂದಿ ಕೂಡಿದ್ರ ಸಾಕು, ಶರ್ಯತ್ತು ಉಳೀತೈತಿ.”

“ಘೋಡಗೇರಿಗೆ ಇಳದ್ರ ನಡೀತೈತೇನ್ರಿ?”

“ನಾನಽ ಇಳಸ್ತೀನಿ ನಿನ್ನ.”

ಕೊನೆಗೆ “ನಿಮ್ಮ ಮಾತ ಹೆಂಗ ಮೀರ್ಲ್ರಿ” ಅಂದ. ಬಸ್ಸಿನಲ್ಲಿ ಬರುವಾಗ ಎಷ್ಟೋ ವರ್ಷದ ಮೇಲೆ ಸಿಳ್ಳೆ ಹಾಕಿದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಎದ್ದು ಬೇರೆ ಸೀಟಿಗೆ ಹೋದಳು.

೧೪ ಡಿಸೆಂಬರ್

ನಮ್ಮೂರ ಸೈಕಲ್ ಅಂಗಡಿಯ ಕೇದಾರಿ ರಾಲೆಯನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಚೈನು, ಹೊಸ ಟಾಯರು ಹಾಕಿಕೊಟ್ಟ. ಮಾಲಿಂಗ ಹ್ಯಾಂಡಲ್ಲಿಗೆ ದೇವರ ಭಂಡಾರದ ಅರಿಶಿನ ಹಚ್ಚಿ ಹಣೆಗೂ ಹಚ್ಚಿಕೊಂಡು ಹತ್ತಿದ. ಊರು ದಾಟುವ ತನಕ ತೂರಾಡಿದ. ಆಮೇಲೆ ತಲೆ ತಗ್ಗಿತು, ಬೆನ್ನು ಬಾಗಿತು. ಅದೇ ಬೆನ್ನು! ಸಾವಿರ ಮಂದಿಯಲ್ಲಿದ್ದರೂ ಗುರುತು ಹಿಡಿದೇನು. ತಿರುಗಿ ಬಂದಾಗ ಮುಖದಲ್ಲಿ ನಗು ಇತ್ತು. ಇವತ್ತಿನ ಆ ನಗುವಿಗೆ ನಾನು ಏನು ಬೇಕಾದರೂ ಕೊಟ್ಟೇನು.

ಮಾಲಿಂಗ ಹೂಂ ಅಂದ ಸುದ್ದಿ ಆಗಲೇ ಹುಕ್ಕೇರಿಗೆ ಮುಟ್ಟಿದೆ. ಅಂಗಡಿಗೆ ಬಂದವರೆಲ್ಲ ಅದನ್ನೇ ಕೇಳುತ್ತಾರೆ.

೨೩ ಡಿಸೆಂಬರ್

ದಿನಾ ಬೆಳಿಗ್ಗೆ ಅಭಿನಂದನನ ಹಿರೋಹೊಂಡಾದ ಹಿಂದೆ ಕೂತು ಮಾಲಿಂಗನ ಜೊತೆಗೆ ಹೋಗುತ್ತೇನೆ. ಕೈಯಲ್ಲಿ ನೀರಿನ ಬಾಟಲಿ, ಬಿಸಿಲಿಗೆ ಛತ್ರಿ. ನೆನೆಸಿದ ಕಡಲೆ, ಬೆಲ್ಲ ತಿನ್ನಿಸುತ್ತೇನೆ. ಸಂಜೆ ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿಸುತ್ತೇನೆ. ಮೈ ಸ್ವಲ್ಪ ಹದಕ್ಕೆ ಬಂದಿದೆ.

ನಿನ್ನೆ ದಿನ್ನೆಯ ಮೇಲೆ ಇಳಿದು ಎದೆ ಹಿಡಿದುಕೊಂಡು ಕೂತ. ಕಸ್ತೂರಿ ಇವತ್ತು ಅವನನ್ನು ಗೋಕಾಕಕ್ಕೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳಂತೆ. ಸೈಕಲ್ ಮುಟ್ಟಬೇಡ, ಭಾರ ಎತ್ತಬೇಡ ಅಂದರಂತೆ. ಡಾಕ್ಟರರು ಹಾಗೆ ಅನ್ನದೆ ಇನ್ನೇನು ಅಂದಾರು? ನನಗೂ ಹತ್ತು ವರ್ಷದಿಂದ ಸಿಹಿ ಬಿಡು ಅನ್ನುತ್ತಿದ್ದಾರೆ, ನಾನು ಸತ್ತೆನೇ?

೩೦ ಡಿಸೆಂಬರ್

ಎರಡು ದಿನ ಮಾಲಿಂಗ ಬರಲಿಲ್ಲ. ನಾನೇ ಹೋಗಿ ಕರೆತಂದೆ. ಮೋಟರ್‌ಸೈಕಲ್ಲಿನಿಂದ ಛತ್ರಿಯ ತುದಿಯಲ್ಲಿ ಅವನ ಸೀಟಿನ ಹಿಂಭಾಗಕ್ಕೆ ತಟ್ಟುತ್ತ ಹೋದರೆ ಲಯ ಸಿಗುತ್ತದೆ, ಚೆನ್ನಾಗಿ ಹೋಗುತ್ತಾನೆ. ಇವತ್ತು ಘೋಡಗೇರಿಯಲ್ಲಿ ನಿಲ್ಲಿಸಲಿಲ್ಲ, ಘಟಪ್ರಭಾದ ತನಕ ಓಡಿಸಿದೆ.

೫ ಜನವರಿ ೧೯೯೯

ಕಸ್ತೂರಿ ಅಂಗಡಿಗೆ ಬಂದಿದ್ದಳು. ಒಳಗೆ ಬರಲಿಲ್ಲ, ಮೆಟ್ಟಿಲ ಕೆಳಗೇ ನಿಂತಳು. ಗಿರಾಕಿಗಳಿದ್ದರು.

“ಅಣ್ಣಾರ, ಅವರ ನಿಮ್ಮ ಮುಂದ ಬಾಯಿ ಬಿಡೂದಿಲ್ರಿ. ರಾತ್ರಿ ದಿಂಬ ಗ್ವಾಡಿಗಿ ಹಚ್ಚಿ ಕುಂತ ನಿದ್ದಿ ಮಾಡ್ತಾರ. ಮಲಗಿದ್ರ ಉಸರ ಸಿಗವಲ್ದಂತ. ನೀವ ಬ್ಯಾಡಂದ್ರ ಕೇಳ್ತಾರ. ನಿಮ್ಮ ಕಾಲ ಬೀಳ್ತೀನ್ರಿ.”

“ಘೋಡಗೇರಿ ತನಕ ಅಷ್ಟಽ ಐತಿ ತಂಗಿ, ನಿನ್ನ ಮನಿ ತನಕ. ನಾ ಹಿಂದ ಇರ್ತೀನಲ್ಲ” ಅಂದೆ. ಒಂದು ಡಬ್ಬಿ ತುಪ್ಪ ಕೊಡಲು ಹೋದೆ, ಮುಟ್ಟಲಿಲ್ಲ. ಹೆಂಗಸರಿಗೆ ಶರ್ಯತ್ತಿನ ಮಹತ್ವ ಏನು ಗೊತ್ತು. ಊರೂರಿನಿಂದ ಮಂದಿ ಕೇಳುತ್ತಿದ್ದಾರೆ. ಮೂಡಲಗಿಯ ಶಿದ್ರಾಮ ಈಗ ಟೆಂಪೋ ಓಡಿಸುತ್ತಾನೆ, ಅವನೇ ಅದಕ್ಕೆಂದೇ ಮುದ್ದಾಂ ಬಂದು ಕೈ ಹಿಡಿದು ಹೋದ. ಇಷ್ಟೆಲ್ಲ ಆದ ಮೇಲೆ ಬೇಡ ಅನ್ನುವುದು ಹೇಗೆ?

೧೨ ಜನವರಿ

ಪದ್ಮವ್ವ ಬಾವಿಯ ಹತ್ತಿರ ನೀರು ಸೋಸುತ್ತಿದ್ದಳು. ಮದುವೆಯಾಗಿ ಬಂದ ದಿನದಿಂದ ಸೋಸದ ನೀರನ್ನು ನಮ್ಮ ಮನೆಯಲ್ಲಿ ಯಾರೂ ಕುಡಿದಿಲ್ಲ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವೂ ಇಲ್ಲ, ಸೋಸಿದ ನೀರೂ ಇಲ್ಲ. ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ತಿರುಗಿ ಬಿಡುತ್ತಾಳೆ. ಮಾಲಿಂಗನ ಬಾಟಲಿಗಳನ್ನು ಅವಳ ಮುಂದೆ ಇಟ್ಟೆ. ತುಂಬಿದಳು. ತುಂಬಿ, ಮುಚ್ಚಳ ಹಾಕದೆ ಹಿಡಿದುಕೊಂಡೇ ನಿಂತಳು.

“ಒಂದ ಮಾತ ಹೇಳ್ತೇನ್ರಿ. ನಮ್ದು ನೀರ ಸೋಸಿ ಕುಡ್ಯೂ ಮನಿತನಾ. ಆ ಮನಷ್ಯಾನ್ನ ನೀವು ಸೋಸದ ಕುಡ್ಯಾಕತ್ತೀರಿ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಾಲಿಂಗನ ಮೇಲೆ ನನಗಿರುವಷ್ಟು ಪ್ರೀತಿ ಅವನ ಒಡಹುಟ್ಟಿದವರಿಗೂ ಇಲ್ಲ ಅಂದೆ. “ಅದಕ್ಕಽ ಅಂದೆ” ಅಂದಳು. ಮೂವತ್ತೈದು ವರ್ಷದಲ್ಲಿ ಅವಳು ನನಗೆ ಹೀಗೆ ಮಾತಾಡಿದ್ದಿಲ್ಲ. ಊಟಕ್ಕೆ ಕೂತೆ, ಸೇರಲಿಲ್ಲ, ಎದ್ದೆ.

೧೯ ಜನವರಿ

ಮಂಜು ಬಹಳ. ಮಾಲಿಂಗನನ್ನು ಸೇತುವೆಯ ತನಕ ಓಡಿಸಿದೆ. ಹೊತ್ತು ಹೆಚ್ಚು ಹಿಡಿಯಿತು, ಆದರೆ ಮುಟ್ಟಿದ. ಮುಟ್ಟಬಲ್ಲ ಅಂದ ಮೇಲೆ ಘೋಡಗೇರಿಗೇ ಯಾಕೆ ಇಳಿಯಬೇಕು? ಅವನಿಗೆ ಇನ್ನೂ ಹೇಳಿಲ್ಲ.

೨೫ ಜನವರಿ

ಈ ಸಲದ ಹಂಡೆಯನ್ನು ನಾನೇ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಮುಖ ಕಾಣುವ ಹಾಗೆ ಹೊಳೆಯಿತು. ಸಂಜೆ ಏನು ತೋಚಿತೋ, ಅದನ್ನು ಒಂದು ಬಾಡಿಗೆ ಟೆಂಪೋದಲ್ಲಿ ಹಾಕಿಸಿ ಘೋಡಗೇರಿಗೆ, ಮಾಲಿಂಗನ ಮನೆಗೆ ಕಳಿಸಿಬಿಟ್ಟೆ. ಯಾರು ಗೆದ್ದರೂ ಹಂಡೆ ಅವನದೇ. ಕೊಲ್ಲಾಪುರದವರ ಜೀಪಿನಲ್ಲಿ ಬೀಳುವುದು ಬೇಡ. ಓಟಕ್ಕೆ ಮೊದಲು ಹಂಡೆ ಮನೆ ಸೇರಬಾರದು ಎಂದು ಅಭಿನಂದನ ಗೊಣಗಿದ. ನಿನಗೆ ಬಕೀಟಿನ ವಿಷಯ ಗೊತ್ತು, ಅದನ್ನು ನೋಡಿಕೋ ಅಂದೆ.

ಟೆಂಪೋದವನು ತಿರುಗಿ ಬಂದು ಹೇಳಿದ, ಮಾಲಿಂಗ ಹಂಡೆಯನ್ನು ನೋಡಿ ಒಳಗೂ ತೆಗೆದುಕೊಳ್ಳದೆ, ಬೇಡವೆಂದೂ ಅನ್ನದೆ ಕಟ್ಟೆಯ ಮೇಲೆ ಕೂತುಬಿಟ್ಟನಂತೆ. ಸಂತೋಷಕ್ಕೆ ಹಾಗಾಗುತ್ತದೆ.

೨೭ ಜನವರಿ

ಮಾಲಿಂಗ ಹೋದ.

೯ ಫೆಬ್ರುವರಿ

ಓಟದ ದಿನದ್ದನ್ನು ಬರೆದಿಡಬೇಕು. ನಾನು ಬರೆಯದಿದ್ದರೆ ಇನ್ನು ಯಾರೂ ಬರೆಯುವುದಿಲ್ಲ.

ಮಂದಿ ಬಂದಿದ್ದರು. ಹಳೆಯ ಕಾಲದಷ್ಟಲ್ಲ, ಆದರೂ ಬಸ್ ಸ್ಟ್ಯಾಂಡು ತುಂಬಿತ್ತು. ಕ್ರಿಕೆಟ್ ಬ್ಯಾಟು ಹಿಡಿದುಕೊಂಡೇ ಬಂದ ಹುಡುಗರೂ ಇದ್ದರು. ಮಾಲಿಂಗ ಭಂಡಾರ ಹಚ್ಚಿಕೊಂಡು ರಾಲೆಯನ್ನು ಹಿಡಿದು ನಿಂತಾಗ ಎದ್ದ ಕೂಗು ಹುಕ್ಕೇರಿಗೆ ಕೇಳಿರಬೇಕು. ಗೇರಿನವರು ಮೊದಲ ತಿರುವಿನಲ್ಲೇ ಕಣ್ಮರೆಯಾದರು. ಅವರನ್ನು ಯಾರೂ ನೋಡಲಿಲ್ಲ. ಎಲ್ಲರೂ ನೋಡಿದ್ದು ಮಾಲಿಂಗನನ್ನು. ಅವನ ಹಿಂದೆ ನಾವು, ನಮ್ಮ ಹಿಂದೆ ಮೋಟರ್‌ಸೈಕಲ್ಲುಗಳ ಹಿಂಡು, ಎಲ್ಲರ ಬಾಯಲ್ಲೂ ಒಂದೇ ಕೂಗು.

ಘೋಡಗೇರಿಯಲ್ಲಿ ಕಸ್ತೂರಿ ರಸ್ತೆಗೆ ಬಂದು ನಿಂತಿದ್ದಳು, ಕೈಯಲ್ಲಿ ನೀರಿನ ಚರಿಗೆ. ಮಾಲಿಂಗ ನಿಧಾನ ಮಾಡಿ ಒಂದು ಕಾಲು ನೆಲಕ್ಕೆ ಊರಿದ. ಅಲ್ಲಿ ಇಳಿಯುವ ಮಾತಾಗಿತ್ತು, ನನಗೆ ನೆನಪಿತ್ತು. ಆದರೆ ಅವನ ಊರವರು ಹಲಗೆ ಬಾರಿಸಿ ಕುಣಿಯುತ್ತಿದ್ದರು. ಅಷ್ಟು ಮಂದಿಯ ಮುಂದೆ ಮಾಲಿಂಗ ತನ್ನ ಮನೆ ಬಾಗಿಲಲ್ಲೇ ಇಳಿದ ಅನ್ನಿಸಿಕೊಳ್ಳಬಾರದು ಅಂತ ನನಗಾಯಿತು. ನಡಿ ಮಾಲಿಂಗ, ನಡಿ ಅಂದೆ. ಹುರುಪಿಗೆ ಛತ್ರಿಯಿಂದ ತಟ್ಟಿದೆ. ಸೀಟಿಗೇ ತಟ್ಟಿದ್ದು. ಅವನು ತಿರುಗಿ ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ ಹೊರಟ.

ಘಟಪ್ರಭಾ ದಾಟಿದ ಮೇಲೆ ಕೈ ಎತ್ತಿದ. ಸವಾರ ಕೈ ಎತ್ತಿದರೆ ನೀರು ಬೇಕು ಅಂತ ಅರ್ಥ. ಇದು ನಮ್ಮ ಶರ್ಯತ್ತಿನಲ್ಲಿ ಎಲ್ಲರಿಗೂ ಗೊತ್ತಿರುವ ರಿವಾಜು. ಬಾಟಲಿ ತೆಗೆದು ಬೆನ್ನಿನ ಮೇಲೆ ಎರಚಿದೆ. ಮತ್ತೆ ಎತ್ತಿದ, ಮತ್ತೆ ಎರಚಿದೆ. ಏನೋ ಅನ್ನುತ್ತಿದ್ದ, ಹಿಂದಿನವರ ಹಾರ್ನಿನಲ್ಲಿ ಕೇಳಲಿಲ್ಲ. “ಅಪ್ಪಾ, ಅಂವ ನೀರ ಕೇಳವಲ್ಲ, ನಿಂದರಸಾಕ ಹೇಳಾಕತ್ತಾನ” ಅಂದ ಅಭಿನಂದನ. ಇನ್ನೇನು ಸೇತುವೆ ಬಂತು, ನಡಿ ಅಂದೆ.

ಸೇತುವೆ ಬಂತು. ಯಾರೂ ಎತ್ತಿ ಕುಣಿಸುವ ಮೊದಲೇ ಇಳಿದು ಕಟ್ಟೆಗೆ ಆನಿಕೊಂಡು ಕೂತ. ಸೈಕಲ್ಲು ತಾನೇ ಬಿತ್ತು. ಕೆಳಗೆ ಹೊಳೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು, ಅದನ್ನೇ ನೋಡುತ್ತಿದ್ದ. “ಅಣ್ಣಾರ, ಥಂಡಿ ಭಾಳ ಐತ್ರಿ” ಅಂದ. ಬಿಸಿಲು ನೆತ್ತಿಗೆ ಬಂದಿತ್ತು. ನನ್ನ ಶಲ್ಯ ಹೊದಿಸಿದೆ. ಅದೂ ನೀರಿನಿಂದ ತೊಯ್ದಿತ್ತು. ಗೆದ್ದ ಕೊಲ್ಲಾಪುರದ ಹುಡುಗ ಹಂಡೆ ಎಲ್ಲಿ ಎಂದು ಶೆಟ್ಟೆಪ್ಪನನ್ನು ಕೇಳುತ್ತಿದ್ದ.

ಗೋಕಾಕದ ಆಸ್ಪತ್ರೆಯಲ್ಲಿ ಹೊತ್ತು ಮುಳುಗುವ ಮೊದಲೇ ಮುಗಿಯಿತು. ಡಿಸೆಂಬರಿನಲ್ಲಿ ನೋಡಿದ ಡಾಕ್ಟರರೇ ಇದ್ದರು. ನನ್ನ ಕಡೆ ನೋಡಲೇ ಇಲ್ಲ.

ಎದುರಿಗೆ ಬರುವ ಆ ಕಬ್ಬಿನ ಟ್ರ್ಯಾಕ್ಟರುಗಳ ಹೊಗೆ ಎಂಥವನ ಉಸಿರನ್ನೂ ಕಟ್ಟಿಸುತ್ತದೆ. ಮೊದಲಿನ ರಸ್ತೆ ಇದ್ದಿದ್ದರೆ, ಮರಗಳಿದ್ದಿದ್ದರೆ ಹೀಗಾಗುತ್ತಿರಲಿಲ್ಲ.

೨೮ ಫೆಬ್ರುವರಿ

ಶೆಟ್ಟೆಪ್ಪ ಬಂದಿದ್ದ. ಸೈಕಲ್ ಶರ್ಯತ್ತು ಇನ್ನು ಮುಗಿಯಿತಂತೆ, ಪೊಲೀಸರೂ ಪರವಾನಿಗೆ ಕೊಡುವುದಿಲ್ಲವಂತೆ. ಬರುವ ವರ್ಷ ಮಾಲಿಂಗನ ನೆನಪಿಗೆ ಕ್ರಿಕೆಟ್ ಮ್ಯಾಚು ಇಡುತ್ತಾರಂತೆ, ನಮ್ಮ ಅಂಗಡಿಯಿಂದ ಬಹುಮಾನಕ್ಕೆ ಒಂದು ಕಪ್ಪು ಕೊಡಬೇಕಂತೆ. ಮೊದಲಾಗಿದ್ದರೆ ಚಹಾ ಅವನ ಮೇಲೆಯೇ ಚೆಲ್ಲುತ್ತಿದ್ದೆ. ಆಯಿತು ಅಂದೆ.

೨೧ ಮಾರ್ಚ್, ರವಿವಾರ

ಯುಗಾದಿಯಾಗಿ ಮೂರು ದಿನ. ಅಂಗಡಿ ತೆಗೆದು ಕೂತಿದ್ದೆ. ಕಸ್ತೂರಿ ಬಸ್ಸಿನಿಂದಿಳಿದು ಬಂದಳು, ತಲೆಯ ಮೇಲೆ ಹಂಡೆ. ಗೆದ್ದವರು ಹೊರುತ್ತಿದ್ದ ಹಾಗೇ ಹೊತ್ತಿದ್ದಳು. ಮೆಟ್ಟಿಲ ಮೇಲೆ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ತಿಕ್ಕಿ ಕಳಿಸಿದ್ದ ಹಂಡೆಯ ತಳ ಕಪ್ಪಾಗಿತ್ತು.

“ಅವರ ಕಡೀ ಜಳಕಕ್ಕ ನೀರ ಕಾಸಿದ್ದು ಇದರಾಗಽ. ಮನಿತುಂಬ ಮಂದಿ, ಹೊರಗ ಇದ ಒಂದಽ ಇತ್ತು, ಯಾರೋ ಒಲಿಮ್ಯಾಲ ಇಟ್ರು. ಮನ್ಯಾಗ ಇಟಗೊಳ್ಳಾಕ ನನಗ ಆಗವಲ್ದು. ನಿಮ್ದು ನಿಮಗ ಇರ್ಲಿ.”

ಈ ಸಲ ಅಣ್ಣಾರ ಅನ್ನಲಿಲ್ಲ. ಪದ್ಮವ್ವ ಒಳಗಿನಿಂದ ಓಡಿ ಬಂದು ಅವಳ ಕೈ ಹಿಡಿದು ಒಳಗೆ ಕರೆದಳು. ಇಬ್ಬರೂ ಅಡುಗೆಮನೆಯಲ್ಲಿ ಬಹಳ ಹೊತ್ತು ಇದ್ದರು. ಮಾತು ಕೇಳಿಸಲಿಲ್ಲ, ಒಮ್ಮೆ ಅಳು ಕೇಳಿಸಿತು, ಯಾರದೋ ತಿಳಿಯಲಿಲ್ಲ. ನಾನು ಹೊರಗೆ ಹಂಡೆಯ ಪಕ್ಕದಲ್ಲಿ ಕೂತಿದ್ದೆ. ಮದುವೆ ಸಾಮಾನಿಗೆ ಬಂದ ಗಿರಾಕಿಯೊಬ್ಬ ಅದಕ್ಕೆ ಎಷ್ಟು ಅಂದ. ಮಾರುವುದಲ್ಲ ಅಂದೆ. ಹಾಗಾದರೆ ಯಾರದು ಅಂದ. ನಾನು ಪ್ಲಾಸ್ಟಿಕ್ ಬಕೀಟು ತೋರಿಸಿದೆ.

೧೧ ಏಪ್ರಿಲ್, ರವಿವಾರ

ಬಹಳ ದಿನ ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ. ಬೆಳಿಗ್ಗೆ ಕೇದಾರಿ ಬಂದಿದ್ದ. ಅವತ್ತು ಸೇತುವೆಯಿಂದ ತಂದಿಟ್ಟ ಮಾಲಿಂಗನ ರಾಲೆ ಸೈಕಲ್ಲು ಅವನ ಅಂಗಡಿಯಲ್ಲೇ ಇದೆ, ಒಯ್ಯಲು ಯಾರೂ ಬಂದಿಲ್ಲ, ಏನು ಮಾಡಲಿ ಎಂದು ಕೇಳಿದ. ಇರಲಿ ಅಂದೆ. ನನ್ನ ಛತ್ರಿಯೂ ಅಲ್ಲೇ ಇದೆಯಂತೆ, ತಂದುಕೊಡಲೇ ಅಂದ. ಬೇಡ ಅಂದೆ.

ಸಂಜೆಯ ಮುಂದೆ ಪದ್ಮವ್ವ ಊಟಕ್ಕೆ ಕರೆಯಲು ಅಂಗಡಿಗೆ ಬಂದಾಗ ಹುಕ್ಕೇರಿಯ ಕಡೆಯಿಂದ ಗದ್ದಲ ಕೇಳಿತು. ಗಾಡಿ ಶರ್ಯತ್ತು. ಅದಕ್ಕೆ ಮಾತ್ರ ಮಂದಿ ವರ್ಷವರ್ಷ ಹೆಚ್ಚುತ್ತಿದ್ದಾರೆ. ಬಿಳೀ ಎತ್ತುಗಳು ಬಾಯಿ ತೆರೆದುಕೊಂಡು ಬರುತ್ತಿದ್ದವು. ನಾನು ಎಂದಿನಂತೆ ಎದ್ದು ಬಾಗಿಲನ್ನು ಅರ್ಧ ಎಳೆದೆ. ಪದ್ಮವ್ವ ಹೊರಗೇ ನಿಂತಿದ್ದಳು.

“ಒಳಗ ಬಾ. ಮೂಕ ಪ್ರಾಣಿಗೆ ಹೊಡ್ಯೂದು ನೋಡಬಾರ್ದು. ಒಲ್ಲೆ ಅನ್ನಾಕ ಬಾಯಿಲ್ಲ ಅವಕ್ಕ” ಅಂದೆ.

ಅವಳು ಒಳಗೆ ಬಂದಳು. ಬಾಗಿಲ ಸಂದಿಯಿಂದ ಬರುವ ಬಿಸಿಲಿನಲ್ಲಿ ನಿಂತು, ಸಿಟ್ಟಿಲ್ಲದೆ, ಏನನ್ನೋ ನೆನಪು ಮಾಡಿಕೊಡುವವಳ ಹಾಗೆ ಅಂದಳು.

“ಮಾಲಿಂಗಣ್ಣಗ ಬಾಯಿ ಇತ್ತಲ್ರಿ.”

ಗಾಡಿ ಹೋಯಿತು, ಮೋಟರ್‌ಸೈಕಲ್ಲುಗಳು ಹೋದವು. ಧೂಳು ಒಳಗೆ ಬಂದು ಹಂಡೆಗಳ ಮೇಲೆ ಕೂತಿತು. ಪದ್ಮವ್ವ ಎಲೆ ಹಾಕಿ, ಹೊತ್ತು ಇಳಿಯಾಕತ್ತೈತಿ, ಬರ್ರಿ ಎಂದು ಎರಡು ಸಲ ಕರೆದಳು. ಏಳಲು ಆಗಲಿಲ್ಲ. ಎಳೆದ ಬಾಗಿಲನ್ನು ತೆಗೆಯಲೂ ಆಗಲಿಲ್ಲ. ಕುಡಿಯಲು ತಂದಿಟ್ಟ ನೀರು ಪಕ್ಕದಲ್ಲೇ ಇದೆ, ಅವಳೇ ಸೋಸಿದ್ದು. ಈಗ ಹೊತ್ತು ಮುಳುಗಿದೆ, ಇನ್ನು ನಾಳೆಯ ತನಕ ಅದನ್ನು ಮುಟ್ಟುವ ಹಾಗಿಲ್ಲ.